ಕಡಲಿಗೆ ಗೊಬ್ಬರ ಹೋದ್ರೆ ಮೀನಿಗೆ ಊಟ ಜಾಸ್ತಿ ಆಗ್ಬೇಕಲ್ವಾ?

ಗಂಗೊಳ್ಳಿ_ಅಳಿಯ
ಕಳೆದ ವಾರ ಗಂಗೊಳ್ಳಿಗೆ ಮಾವನ ಮನೆಗೆ ಹೋಗಿದ್ದೆ. (ಸೋದರಮಾವ. ನನ್ನ ಹೆಸರು ನೋಡಿ ಹೆಣ್ಣು ಕೊಟ್ಟ ಮಾವ ಅಂದುಕೊಳ್ಳಬೇಡಿ, ನನಗಿನ್ನೂ ಮದುವೆ ಆಗಿಲ್ಲ.) ಮಾವ ಮೂವತ್ತು ವರ್ಷದಿಂದ ನಾಡದೋಣಿಯಲ್ಲಿ ಮೀನು ಹಿಡಿಯುವವರು. ರಾತ್ರಿ ಊಟ ಮುಗಿಸಿ ದಡದಲ್ಲಿ ಕೂತಿದ್ದೆವು. ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು. ನಾನು ಖುಷಿಯಲ್ಲಿ ವಿಡಿಯೋ ಮಾಡುತ್ತಿದ್ದರೆ ಮಾವ ಮುಖ ಸಿಂಡರಿಸಿ "ಇದು ಬಂದರೆ ಬಲೆಗೆ ಮೀನು ಬೀಳುವುದಿಲ್ಲ" ಎಂದರು.

ಮಾತು ಮುಂದುವರಿದು ಜಗಳಕ್ಕೆ ನಿಂತಿತು. ಅಲ್ಲಿ ಪಂಚಗಂಗಾವಳಿ. ಐದು ಹೊಳೆ ಸೇರಿ ಕಡಲಿಗೆ ಹೋಗುತ್ತವೆ. ಗದ್ದೆ, ತೋಟ, ಪೇಟೆ ಎಲ್ಲದರ ನೀರೂ ಅಲ್ಲಿಗೇ. ಮೇಲಿಂದ ಬರುವ ಗೊಬ್ಬರವೇ ಕಡಲನ್ನು ಹಾಳು ಮಾಡುತ್ತಿದೆ ಎಂದು ಮಾವನ ವಾದ. ನನ್ನ ಲೆಕ್ಕ ಸೀದಾ ಇತ್ತು. ಗದ್ದೆಗೆ ಯೂರಿಯಾ ಹಾಕಿದರೆ ಭತ್ತ ಹೆಚ್ಚು ಬರುತ್ತದೆ. ಅದೇ ಯೂರಿಯಾ ಕಡಲಿಗೆ ಹೋದರೆ ಪಾಚಿ ಹೆಚ್ಚಬೇಕು. ಪಾಚಿ ತಿನ್ನುವ ಸಣ್ಣ ಹುಳ ಹೆಚ್ಚಬೇಕು. ಹುಳ ತಿನ್ನುವ ಮೀನು ಹೆಚ್ಚಬೇಕು. ಮತ್ತೆ ತೊಂದರೆ ಎಲ್ಲಿ?

ಮಾವ ನಕ್ಕು, "ಹಾಗಾದರೆ ನಾಳೆ ನಿನ್ನ ಬಟ್ಟಲಿಗೆ ಒಂದು ಮುಡಿ ಅಕ್ಕಿ ಸುರಿಯಲು ಹೇಳುತ್ತೇನೆ, ತಿಂದು ತೋರಿಸು" ಎಂದು ಎದ್ದು ಹೋದರು.

ತಮಾಷೆ ಬಿಡಿ. ನನ್ನ ಲೆಕ್ಕ ಎಲ್ಲಿ ತಪ್ಪುತ್ತಿದೆ? ಗೊತ್ತಿದ್ದವರು ಹೇಳಿ.

ಸುಮ್ನೆ_ಓದೋನು
ಮಾವ ಗೆದ್ದರು. ಚರ್ಚೆ ಮುಗೀತು.

ಕೋಪಿಪಾಡ್_ಅಕ್ಕ
ಮುಗಿದಿಲ್ಲ, ಈಗ ಶುರು. ನಾನು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದವಳು. ಎರಡು ವರ್ಷ ಸೂಕ್ಷ್ಮದರ್ಶಕದಲ್ಲಿ ಈ "ಸಣ್ಣ ಹುಳ"ಗಳನ್ನೇ ಎಣಿಸಿ ಕಣ್ಣು ಹಾಳು ಮಾಡಿಕೊಂಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು, ಅವು ಹುಳ ಅಲ್ಲ. ಹೆಚ್ಚಿನವು ಕೋಪಿಪಾಡ್‌ಗಳು. ಸಿಗಡಿ, ಏಡಿಗಳ ದೂರದ ನೆಂಟರು. ಬಹುಪಾಲು ಒಂದೆರಡು ಮಿಲಿಮೀಟರ್ ಒಳಗೇ. ಎರಡು ಉದ್ದ ಮೀಸೆ, ಒಂದು ಕಣ್ಣು. ಬೂತಾಯಿ, ಬಂಗುಡೆ ಎರಡೂ ಇವನ್ನು ತಿನ್ನುತ್ತವೆ. ನಿಮ್ಮ ತಟ್ಟೆಯ ಬಂಗುಡೆ ಫ್ರೈ ಅಂದರೆ ಒಂದು ಲೆಕ್ಕದಲ್ಲಿ ಕೋಪಿಪಾಡ್ ಫ್ರೈ.

ನಿಮ್ಮ ಏಣಿಯ ಮೊದಲ ಮೆಟ್ಟಿಲು ಸರಿ ಇದೆ. ಗೊಬ್ಬರ ಬಂದರೆ ಪಾಚಿ ಹೆಚ್ಚುತ್ತದೆ. ಎರಡನೇ ಮೆಟ್ಟಿಲಲ್ಲಿ ಜಾರುತ್ತೀರಿ.

ಯಾವ ಪಾಚಿ ಹೆಚ್ಚುತ್ತದೆ ಅನ್ನುವುದು ಮುಖ್ಯ. ಕಡಲ ಸೂಕ್ಷ್ಮ ಪಾಚಿಗಳಲ್ಲಿ ಡಯಾಟಮ್ ಎಂಬ ಗುಂಪಿದೆ, ಗಾಜಿನ ಪೆಟ್ಟಿಗೆಯ ಒಳಗೆ ಬದುಕುವಂಥದ್ದು. ಆ ಗಾಜು ಕಟ್ಟಲು ಸಿಲಿಕಾ ಬೇಕು. ಸಿಲಿಕಾ ಬರುವುದು ಬಂಡೆ ಸವೆದು, ಹೊಳೆಯ ನೀರಿನ ಜೊತೆ. ನಾವು ಕಳಿಸುವ ಗೊಬ್ಬರ, ಕೊಚ್ಚೆಯಲ್ಲಿ ಸಾರಜನಕ ಇದೆ, ರಂಜಕ ಇದೆ, ಸಿಲಿಕಾ ಹೆಚ್ಚಿಲ್ಲ. ಡಯಾಟಮ್ ಒಂದು ಹಂತಕ್ಕೆ ನಿಂತುಬಿಡುತ್ತದೆ. ಉಳಿದ ಸಾರಜನಕ, ರಂಜಕವನ್ನು ಬೇರೆ ಪಾಚಿಗಳು ಬಾಚಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಕೋಪಿಪಾಡ್ ಬಾಯಿಗೆ ತೀರಾ ಸಣ್ಣವು, ಕೆಲವು ವಿಷ, ಕೆಲವು ಅದಕ್ಕೆ ರುಚಿಸುವುದೇ ಇಲ್ಲ. ಊಟ ರಾಶಿ ಇದೆ, ತಿನ್ನುವಂಥದ್ದು ಕಡಿಮೆ.

ಇನ್ನೊಂದು, ಉಸಿರಿನ ತೊಂದರೆ. ತಿಂದು ಮುಗಿಯದ ಪಾಚಿ ಸತ್ತು ತಳಕ್ಕೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಕೊಳೆಸುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗುತ್ತದೆ. ನಮ್ಮ ಬೆಚ್ಚಗಿನ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 6 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. ಅದು 2ಕ್ಕಿಂತ ಕೆಳಗೆ ಇಳಿದರೆ ಹೆಚ್ಚಿನ ಪ್ರಾಣಿಗಳಿಗೆ ಸಂಕಟ.

ನನಗೆ ಹೊಟ್ಟೆ ಉರಿಯುವ ಭಾಗ ಇನ್ನೂ ಇದೆ. ಎಷ್ಟೋ ಜಾತಿಯ ಕೋಪಿಪಾಡ್‌ಗಳು ಮೊಟ್ಟೆಯನ್ನು ನೀರಿಗೇ ಬಿಡುತ್ತವೆ. ಮೊಟ್ಟೆ ಮುಳುಗುತ್ತದೆ. ಮುಳುಗಿ ಹೋಗುವುದು ಎಲ್ಲಿಗೆ? ಅದೇ ಉಸಿರಿಲ್ಲದ ತಳಕ್ಕೆ. ಅಲ್ಲಿ ಅದು ಒಡೆಯುವುದಿಲ್ಲ. ತಾಯಿ ಮೇಲೆ ಚೆನ್ನಾಗಿಯೇ ಇದ್ದಾಳೆ, ತಿನ್ನುತ್ತಿದ್ದಾಳೆ, ಮೊಟ್ಟೆ ಇಡುತ್ತಿದ್ದಾಳೆ. ಮುಂದಿನ ಪೀಳಿಗೆ ಮಾತ್ರ ಬರುತ್ತಿಲ್ಲ.

ಗಂಗೊಳ್ಳಿ_ಅಳಿಯ
ಅಯ್ಯೋ. ಮೊಟ್ಟೆ ಸತ್ತೇ ಹೋಗುತ್ತದಾ ಅಕ್ಕ?

ಕೋಪಿಪಾಡ್_ಅಕ್ಕ
ಕೆಲವು ಸಾಯುತ್ತವೆ. ಕೆಲವು ಕೆಸರಿನಲ್ಲಿ ನಿದ್ದೆ ಮಾಡುತ್ತವೆ. ನೀರು ಕಲಕಿ ಆಮ್ಲಜನಕ ಮತ್ತೆ ಬಂದರೆ ಒಡೆಯುವುದೂ ಉಂಟು.

ತೋಟದ_ಭಟ್ರು
ಬಂತು ನೋಡಿ, ಕೊನೆಗೆ ರೈತನ ತಲೆಗೇ. ದೆಹಲಿಯ ಗಾಳಿ ಕೆಟ್ಟರೂ ರೈತ, ಕಡಲು ಕೆಟ್ಟರೂ ರೈತ. ನಮ್ಮ ಸಿದ್ದಾಪುರದ ಕಡೆ ಅಡಿಕೆ ತೋಟಕ್ಕೆ ಸೊಪ್ಪು, ಹಟ್ಟಿಗೊಬ್ಬರ ಹಾಕುವವರೇ ಹೆಚ್ಚು. ಯೂರಿಯಾಕ್ಕೆ ನಾವು ಸೊಸೈಟಿ ಮುಂದೆ ಕ್ಯೂ ನಿಂತರೂ ಎರಡು ಮೂಟೆ ಸಿಗುವುದು ಕಷ್ಟ. ಅದನ್ನು ಕಡಲಿಗೆ ಸುರಿಯಲು ನಮಗೇನು ಹುಚ್ಚಾ?

ಲೆಕ್ಕದ_ಮೇಷ್ಟ್ರು
ಭಟ್ರೇ, ಬೇಸರ ಬೇಡ, ಒಂದು ಲೆಕ್ಕ ಹಾಕೋಣ.

ಯೂರಿಯಾ ಮೂಟೆ 45 ಕೆಜಿ. ಅದರಲ್ಲಿ ಸಾರಜನಕ ನೂರಕ್ಕೆ 46 ಪಾಲು, ಅಂದರೆ 20 ಕೆಜಿ ಮೇಲೆ. ಕಡಲ ಪಾಚಿಯ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕ ಪರಮಾಣು ಎಣಿಸಿದರೆ ಸುಮಾರಾಗಿ 106:16:1 ಲೆಕ್ಕದಲ್ಲಿ ಇರುತ್ತವೆ. ರೆಡ್‌ಫೀಲ್ಡ್ ಎಂಬ ವಿಜ್ಞಾನಿಯ ಹೆಸರಿನ ಅನುಪಾತ ಅದು. ಅಷ್ಟು ಪಾಚಿ ಪೂರ್ತಿ ಕೊಳೆಯಲು 138 ಆಮ್ಲಜನಕದ ಅಣು (O₂) ಬೇಕು. ತೂಕಕ್ಕೆ ತಿರುಗಿಸಿದರೆ 1 ಕೆಜಿ ಸಾರಜನಕಕ್ಕೆ ಹತ್ತಿರ ಹತ್ತಿರ 20 ಕೆಜಿ ಆಮ್ಲಜನಕ.

ಒಂದು ಮೂಟೆಗೆ 400 ಕೆಜಿ ಆಮ್ಲಜನಕ ಆಯಿತು. ಲೀಟರಿಗೆ 6 ಮಿಲಿಗ್ರಾಂ ಎಂದರೆ ಸಾವಿರ ಲೀಟರಿಗೆ 6 ಗ್ರಾಂ. 400 ಕೆಜಿಯನ್ನು ಅದರಿಂದ ಭಾಗಿಸಿ. ಆರೂಮುಕ್ಕಾಲು ಕೋಟಿ ಲೀಟರ್ ನೀರಿನ ಉಸಿರು. ಬೇಸಿಗೆಯಲ್ಲಿ ನಿಮ್ಮ ಬೀದಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 5,500 ಟ್ಯಾಂಕರ್.

ತೋಟದ_ಭಟ್ರು
ಮೇಷ್ಟ್ರೇ, ಲೆಕ್ಕ ಚೆಂದ ಇದೆ. ಆದರೆ ಮೂಟೆಗೆ ಮೂಟೆಯೇ ಕಡಲಿಗೆ ಹೋಗುತ್ತದಾ? ಗಿಡ ಏನು ಉಪವಾಸ ಕೂರುತ್ತದಾ? ಒಂದಿಷ್ಟು ಗಾಳಿಗೆ ಹೋಗುತ್ತದೆ. ಒಂದಿಷ್ಟು ಮಣ್ಣಲ್ಲಿ ಉಳಿಯುತ್ತದೆ.

ಲೆಕ್ಕದ_ಮೇಷ್ಟ್ರು
ಒಪ್ಪಿದೆ. ಅದು ಮೂಟೆ ಪೂರ್ತಿ ನೀರಿಗೆ ಬಿದ್ದರೆ ಅನ್ನುವ ಲೆಕ್ಕ. ಪಾಚಿ ಪೂರ್ತಿ ತಳದಲ್ಲೇ ಕೊಳೆಯುವುದೂ ಇಲ್ಲ, ಮೇಲಿನ ನೀರಿಗೆ ಗಾಳಿಯಿಂದ ಆಮ್ಲಜನಕ ಮತ್ತೆ ಸೇರುತ್ತದೆ.

ಆದರೆ ನಿಮ್ಮ ಪರವಾಗಿ ಇನ್ನೊಂದು ಲೆಕ್ಕ ಕೊಡುತ್ತೇನೆ. ಮನುಷ್ಯ ದಿನಕ್ಕೆ 60 ಗ್ರಾಂ ಪ್ರೋಟೀನ್ ತಿಂದರೆ ಅದರಲ್ಲಿ 9-10 ಗ್ರಾಂ ಸಾರಜನಕ. ದೊಡ್ಡವರು ತಿಂದ ಸಾರಜನಕ ಹೆಚ್ಚುಕಡಿಮೆ ಎಲ್ಲವೂ ಮೂತ್ರ, ಮಲದಲ್ಲಿ ಹೊರಗೆ. ವರ್ಷಕ್ಕೆ ಮೂರೂವರೆ ಕೆಜಿ. ಆರು ಜನರ ಮನೆ ಅಂದರೆ ವರ್ಷಕ್ಕೆ ಒಂದು ಮೂಟೆ ಯೂರಿಯಾ. ಪೇಟೆಯ ಕೊಚ್ಚೆ ಶುದ್ಧವಾಗದೆ ಹೊಳೆ ಸೇರಿದರೆ ಅದಕ್ಕೆ ಗಿಡ, ಮಣ್ಣು ಅಡ್ಡ ಬರುವುದಿಲ್ಲ. ಸೀದಾ ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವಲ್ಲಿಗೆ.

ತೋಟದ_ಭಟ್ರು
ಈಗ ಸರಿ ಮಾತಾಡಿದಿರಿ 😄

ಸಿಗಡಿ_ಸಾರು
ಊಟದ ಹೊತ್ತಿಗೆ ಈ ಲೆಕ್ಕ ಬೇಕಿತ್ತಾ ಮಾರಾಯ್ರೆ.

ಬೆಂಗ್ಳೂರ್_ಮಳೆ
ಬೆಳ್ಳಂದೂರು ಕೆರೆಯ ನೊರೆಯೂ ಇದೇ ಕಥೆ ಅಲ್ವಾ? ಬಟ್ಟೆ ಪುಡಿಯ ರಂಜಕ, ಕೊಚ್ಚೆ, ಎಲ್ಲ ಸೇರಿ. 2017ರಲ್ಲಿ ಬೆಂಕಿ ಹತ್ತಿಕೊಂಡಾಗ ನಮ್ಮ ಆಫೀಸಿನ ಟೆರೇಸಿನಿಂದ ಹೊಗೆ ಕಾಣುತ್ತಿತ್ತು. ಆದರೆ ಅದು ಕಡಲಿಗೆ ಹೋಗಲ್ಲ ಬಿಡಿ.

ಲೆಕ್ಕದ_ಮೇಷ್ಟ್ರು
ಹೋಗುತ್ತದೆ. ಬೆಳ್ಳಂದೂರಿನಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ, ಕೊನೆಗೆ ತಮಿಳುನಾಡಿನ ಕಡಲೂರು ಹತ್ತಿರ ಬಂಗಾಳ ಕೊಲ್ಲಿ. ನಡುವೆ ಅಣೆಕಟ್ಟು, ಕೆರೆ ಎಲ್ಲ ಇವೆ. ಆದರೂ ದಾರಿ ಅದೇ.

ಬೆಂಗ್ಳೂರ್_ಮಳೆ
ನನಗೆ ಇದು ಗೊತ್ತೇ ಇರಲಿಲ್ಲ. ಹತ್ತು ವರ್ಷದಿಂದ ಅದರ ಪಕ್ಕದಲ್ಲೇ ಇದ್ದೇನೆ.

ಮಲ್ಪೆ_ಬೋಟು
ಎಲ್ಲರೂ ಪುಸ್ತಕದ ಮಾತು ಆಡುತ್ತಿದ್ದೀರಿ. ಕಡಲಿನವರ ಮಾತು ಕೇಳಿ. ನಮ್ಮಲ್ಲಿ ಮಳೆಗಾಲದಲ್ಲಿ ತೂಫಾನ್ ಏಳಬೇಕು ಅನ್ನುತ್ತಾರೆ. ಕಡಲು ಅಡಿಮೇಲಾಗಿ ಕಲಕಬೇಕು. ತೂಫಾನ್ ಸರಿಯಾಗಿ ಆಗದ ವರ್ಷ ನಾಡದೋಣಿಯವರಿಗೆ ಮೀನು ಇಲ್ಲ. ನನ್ನ ಅಜ್ಜ ಕೂಡ ಇದನ್ನೇ ಹೇಳುತ್ತಿದ್ದರು. ಆಗ ಯೂರಿಯಾ ಎಲ್ಲಿತ್ತು?

ಇನ್ನೊಂದು. ಮಳೆ ಕಡಿಮೆ ಆಗುವ ಹೊತ್ತಿಗೆ ಕೆಲವು ದಿನ ಸಿಗಡಿ, ನಂಗ್ ಮೀನು ಎಲ್ಲ ದಡಕ್ಕೆ ಒತ್ತಿ ಬರುತ್ತವೆ. ಹಿಡಿದಷ್ಟೂ ಸಿಗುತ್ತದೆ. ನಾವು ಖುಷಿ ಪಡುತ್ತೇವೆ. ಅವು ಯಾಕೆ ಬರುತ್ತವೆ ಅಂತ ಯಾರೂ ಕೇಳುವುದಿಲ್ಲ.

ಕೋಪಿಪಾಡ್_ಅಕ್ಕ
ಮಲ್ಪೆ ಅಣ್ಣ, ಎರಡೂ ಚಿನ್ನದಂಥ ಮಾತು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದಲ್ಲಿ ತಳದ ತಣ್ಣನೆಯ ನೀರು ತಾನಾಗಿಯೇ ಮೇಲೇರಿ ದಡದ ಕಡೆ ಬರುತ್ತದೆ. ಆ ನೀರಲ್ಲಿ ಪೋಷಕಾಂಶ ತುಂಬ, ಆಮ್ಲಜನಕ ಕಡಿಮೆ. ಅದರ ಮೇಲೆ ಮಳೆಯ ಸಿಹಿನೀರು ಹಾಲಿನ ಕೆನೆಯ ಹಾಗೆ ಕೂತುಬಿಡುತ್ತದೆ. ಕೆಳಗಿನ ನೀರಿಗೆ ಗಾಳಿ ತಾಗುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಉಸಿರುಗಟ್ಟುವುದು ಅತಿ ಹೆಚ್ಚು. ತಳದಲ್ಲಿ ಇರಲಾರದೆ ಸಿಗಡಿ, ಮೀನು ದಡಕ್ಕೆ ಓಡುತ್ತವೆ. ಅಮೆರಿಕದ ಮೊಬೈಲ್ ಕೊಲ್ಲಿಯಲ್ಲೂ ಹೀಗೆ ಏಡಿ, ಚಪ್ಪಟೆ ಮೀನು ರಾತ್ರೋರಾತ್ರಿ ದಡಕ್ಕೆ ಬರುವುದಕ್ಕೆ ಅಲ್ಲಿನವರು "ಜೂಬಿಲಿ" ಅನ್ನುತ್ತಾರೆ. ಬುಟ್ಟಿ ಹಿಡಿದುಕೊಂಡು ಓಡುತ್ತಾರಂತೆ. ಮೀನಿಗೆ ಪ್ರಾಣಸಂಕಟ, ಮನುಷ್ಯರಿಗೆ ಹಬ್ಬ.

ಓಡಲು ಕಾಲು, ರೆಕ್ಕೆ ಇದ್ದವರು ಓಡುತ್ತಾರೆ. ಕೆಸರಲ್ಲಿ ಹೂತು ಬದುಕುವ ಸಣ್ಣ ಹುಳ, ಚಿಪ್ಪು, ಮುಳುಗಿದ ಮೊಟ್ಟೆ ಇವಕ್ಕೆ ಆ ಅವಕಾಶ ಇಲ್ಲ. ತೂಫಾನ್ ಎದ್ದರೆ ಕೆನೆ ಒಡೆದು ನೀರು ಬೆರೆಯುತ್ತದೆ, ತಳಕ್ಕೂ ಉಸಿರು ಬರುತ್ತದೆ. ನಿಮ್ಮ ಅಜ್ಜ ಹೇಳಿದ್ದು ಅದೇ ಇರಬಹುದು.

ಹಳೆ_ಕಾಗದ
ಇಲ್ಲಿ ಒಂದು ಗೊಣಗಾಟ ನನ್ನದು. ನೀಲಿ ಬೆಳಕು ಕಂಡರೆ ತಕ್ಷಣ "ಮಾಲಿನ್ಯ" ಎಂದು ಪೇಪರಿನಲ್ಲಿ ಬರೆಯುತ್ತಾರೆ. 2020ರ ಕೊನೆಯಲ್ಲಿ ಉಡುಪಿ, ಮಂಗಳೂರು ಕಡೆ ಬೆಳಗಿದಾಗಲೂ ಹಾಗೇ ಆಯಿತು. ಅದು ನಾಕ್ಟಿಲ್ಯೂಕಾ ಎಂಬ ಏಕಕೋಶ ಜೀವಿ. ಹಗಲು ಹೊತ್ತು ದಟ್ಟವಾಗಿದ್ದರೆ ನೀರು ಟೊಮೆಟೊ ಸಾರಿನ ಬಣ್ಣಕ್ಕೆ ತಿರುಗುತ್ತದೆ. 1950ರಲ್ಲೇ ಭೀಮಾಚಾರ್ ಮತ್ತು ಜಾರ್ಜ್ ಎಂಬ ಇಬ್ಬರು ಇದರ ಬಗ್ಗೆ ಬರೆದಿದ್ದಾರೆ. ಮಲಬಾರ್ ಮತ್ತು ಕೆನರಾ ಕರಾವಳಿಯಲ್ಲಿ ಮೀನು ದಿಢೀರನೆ ಕಡಿಮೆ ಆಗುವುದಕ್ಕೆ ಈ "ಕೆಂಪು ನೀರು" ಕಾರಣ ಇರಬಹುದು ಎಂದು. ಕೆನರಾ ಅಂದರೆ ನಮ್ಮದೇ ಕರಾವಳಿ. 1950ರಲ್ಲಿ ಇಲ್ಲಿ ಯಾರ ಗದ್ದೆಗೆ ಯೂರಿಯಾ ಬೀಳುತ್ತಿತ್ತು ಹೇಳಿ?

ತೋಟದ_ಭಟ್ರು
ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ.

ಗಂಗೊಳ್ಳಿ_ಅಳಿಯ
ಹಾಗಾದರೆ ಬೆಳಕು ಬಂದರೆ ಮೀನು ಇಲ್ಲ ಎಂದು ಮಾವ ಹೇಳಿದ್ದು ಸರಿ. ಅದಕ್ಕೆ ಗೊಬ್ಬರ ಕಾರಣ ಅಂದದ್ದು ತಪ್ಪು. ಹೀಗಾ?

ಕೋಪಿಪಾಡ್_ಅಕ್ಕ
ಅರ್ಧ ಸರಿ, ಅರ್ಧ ತಪ್ಪು, ನಿಮ್ಮಿಬ್ಬರದ್ದೂ.

ನಾಕ್ಟಿಲ್ಯೂಕಾ ಸುಮ್ನೆ ಹೊಳೆಯುವ ಅಲಂಕಾರ ಅಲ್ಲ. ದೊಡ್ಡ ಹೊಟ್ಟೆಬಾಕ. ಕೋಪಿಪಾಡ್ ತಿನ್ನಬೇಕಾದ ಡಯಾಟಮ್ ಅನ್ನು ತಾನು ತಿನ್ನುತ್ತದೆ. ಸಾಲದು ಎಂದು ಕೋಪಿಪಾಡ್‌ನ ಮೊಟ್ಟೆಯನ್ನೂ ನುಂಗುತ್ತದೆ. ಮೈಯಲ್ಲಿ ಅಮೋನಿಯಾ ತುಂಬಿಕೊಂಡು ತೇಲುತ್ತದೆ, ಸತ್ತಾಗ ಅದು ನೀರಿಗೆ ಸೇರುತ್ತದೆ. ದಟ್ಟ ಇದ್ದ ಕಡೆಯಿಂದ ಮೀನು ದೂರ ಸರಿಯುವುದು ಸಹಜ. ಮಾವನಿಗೆ ಅಲ್ಲಿ ಪೂರ್ತಿ ಅಂಕ.

ಕಾರಣದ ವಿಷಯ ಅಷ್ಟು ಸುಲಭ ಅಲ್ಲ. ಕಡಲಿಗೆ ಮೇಲೇರುವ ನೀರು ಬಡಿಸುವ ಊಟ ಮೊದಲಿನಿಂದಲೂ ಇದೆ. ಅದರ ಮೇಲೆ ನಾವು ಬಡಿಸುತ್ತಿದ್ದೇವೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಈ ಪಶ್ಚಿಮ ಕರಾವಳಿಯ ಆಮ್ಲಜನಕದ ಕೊರತೆ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು. ಕೊರತೆ ತೀವ್ರವಾಗಿದೆ, ಅದರಲ್ಲಿ ನೆಲದಿಂದ ಹರಿದು ಬರುವ ಸಾರಜನಕದ ಪಾಲೂ ಇರಬಹುದು ಎಂದರು. "ಇರಬಹುದು" ಅನ್ನುವ ಪದ ಗಮನಿಸಿ. ಹೊರಗಡಲಲ್ಲಿ ನಮ್ಮ ಪಾಲು ಎಷ್ಟು, ಮೇಲೇರುವ ನೀರಿನ ಪಾಲು ಎಷ್ಟು ಎಂದು ಬೇರೆ ಮಾಡುವುದು ಕಷ್ಟ. ಆದರೆ ಅಳಿವೆ, ಹಿನ್ನೀರು, ಬಂದರಿನ ಮೂಲೆ, ಇಲ್ಲೆಲ್ಲ ನಮ್ಮ ಕೈ ಕಣ್ಣಿಗೆ ಕಾಣುತ್ತದೆ. ಬಂದರಿನ ಒಳಗಿನ ಕೆಸರು ಒಮ್ಮೆ ಮೂಸಿ ನೋಡಿ, ಕೊಳೆತ ಮೊಟ್ಟೆ ವಾಸನೆ.

ಮಲ್ಪೆ_ಬೋಟು
ಮೂಸುವುದೇನು, ಅದರಲ್ಲೇ ಬದುಕು.

ಕೊಂಕು_ಮಾಸ್ತರ
ಅಕ್ಕನವರು ಮೇಲೆ ಡಯಾಟಮ್ ಅಂದರೆ ಅಮೃತ ಎನ್ನುವ ಹಾಗೆ ಬರೆದಿದ್ದಾರೆ. ಅದೂ ಪೂರ್ತಿ ಸರಿ ಇಲ್ಲ. 1999ರಲ್ಲಿ ಇಟಲಿಯ ಸಂಶೋಧಕರು ಏಡ್ರಿಯಾಟಿಕ್ ಕಡಲಿನ ಕೋಪಿಪಾಡ್ ನೋಡಿ ಬರೆದದ್ದಿದೆ. ಕೆಲವು ಡಯಾಟಮ್‌ಗಳು ಜಗಿದಾಗ ಆಲ್ಡಿಹೈಡ್ ಎಂಬ ರಾಸಾಯನಿಕ ಬಿಡುತ್ತವೆ. ತಾಯಿಗೆ ಏನೂ ಆಗುವುದಿಲ್ಲ, ಮೊಟ್ಟೆ ಒಡೆಯುವುದು ಕಡಿಮೆ ಆಗುತ್ತದೆ. ಡಯಾಟಮ್ ಕೂಡ ಅತಿಯಾದರೆ ತೊಂದರೆಯೇ.

ಕೋಪಿಪಾಡ್_ಅಕ್ಕ
ಒಪ್ಪಿದೆ ಮಾಸ್ತರೇ. ಆ ಲೇಖನ ಬಂದಾಗ ದೊಡ್ಡ ಗಲಾಟೆ ಆಗಿತ್ತು. ಎಲ್ಲ ಡಯಾಟಮ್ ಹಾಗಲ್ಲ. ಒಂದೇ ಜಾತಿ ರಾಶಿ ಬೆಳೆದು, ಬೇರೆ ಊಟವೇ ಇಲ್ಲದಾಗ ಕಷ್ಟ. ನಮಗೂ ವಾರಪೂರ್ತಿ ಬರೀ ಹಲಸಿನಹಣ್ಣು ಕೊಟ್ಟರೆ ಏನಾಗುತ್ತದೆ ಹೇಳಿ.

ಸಿಗಡಿ_ಸಾರು
ನನಗೆ ಏನೂ ಆಗಲ್ಲ.

ಬಾಲ್ಟಿಮೋರ್_ಭಾವ
ನಾನು ಮೂಲ ಹೊನ್ನಾವರದವನು, ಈಗ ಮೇರಿಲ್ಯಾಂಡ್‌ನಲ್ಲಿ. ಪಕ್ಕದಲ್ಲೇ ಚೆಸಪೀಕ್ ಕೊಲ್ಲಿ. ಇಲ್ಲಿ ಬೇಸಿಗೆ ಬಂದರೆ ಕೊಲ್ಲಿಯ ಆಳದ ನೀರಿನಲ್ಲಿ ಆಮ್ಲಜನಕ ಸೊನ್ನೆಯ ಹತ್ತಿರ.

ಮಗಳ ಶಾಲೆಯವರ ಜೊತೆ ಒಮ್ಮೆ ದೋಣಿಯಲ್ಲಿ ಹೋಗಿದ್ದೆ. ಸಣ್ಣ ಕಣ್ಣಿನ ಬಲೆ ಎಳೆದು ತೋರಿಸಿದರು. ಅಲ್ಲಿಯ ಮಾಸ್ತರಿಣಿ ಹೇಳಿದ ಒಂದು ಮಾತು ತಲೆಯಲ್ಲಿ ಉಳಿದಿದೆ. ಕೋಪಿಪಾಡ್ ಹಗಲು ಕತ್ತಲಿನ ಆಳದಲ್ಲಿ ಅಡಗುತ್ತದೆ, ರಾತ್ರಿ ಮೇಲೆ ಬಂದು ತಿನ್ನುತ್ತದೆ. ಹಗಲು ಮೇಲಿದ್ದರೆ ಮೀನಿನ ಕಣ್ಣಿಗೆ ಬೀಳುತ್ತದೆ. ಈಗ ಆಳದಲ್ಲಿ ಉಸಿರಿಲ್ಲ. ಕೆಳಗೆ ಹೋದರೆ ಉಸಿರುಗಟ್ಟುತ್ತದೆ, ಮೇಲೆ ಇದ್ದರೆ ಮೀನಿನ ಬಾಯಿ.

ಇಲ್ಲಿ 2004ರಲ್ಲಿ ಒಂದು ತೆರಿಗೆ ತಂದರು. ಜನ ಅದಕ್ಕೆ ಇಟ್ಟ ಹೆಸರು "ಫ್ಲಶ್ ತೆರಿಗೆ". ಮನೆಗೆ ವರ್ಷಕ್ಕೆ 30 ಡಾಲರ್, 2012ರಲ್ಲಿ 60 ಮಾಡಿದರು. ಆ ದುಡ್ಡಲ್ಲಿ ಕೊಚ್ಚೆ ಶುದ್ಧ ಮಾಡುವ ಘಟಕಗಳನ್ನು ಸಾರಜನಕ ತೆಗೆಯುವ ಹಾಗೆ ಬದಲಾಯಿಸಿದರು. ಹುಲ್ಲುಹಾಸಿಗೆ ಚಳಿಗಾಲದಲ್ಲಿ ಗೊಬ್ಬರ ಹಾಕುವ ಹಾಗೂ ಇಲ್ಲ. ಕೊಲ್ಲಿ ಪೂರ್ತಿ ಸರಿ ಆಗಿಲ್ಲ. ಆದರೆ ಕಕ್ಕಸಿನ ನೀರಿಗೂ ಏಡಿಗೂ ಸಂಬಂಧ ಇದೆ ಎಂದು ನನ್ನ ಪಕ್ಕದ ಮನೆಯವರಿಗೆ ಗೊತ್ತಿದೆ. ಹೊನ್ನಾವರದಲ್ಲಿ ನನಗೆ ಗೊತ್ತಿರಲಿಲ್ಲ.

ಸುಮ್ನೆ_ಓದೋನು
ಫ್ಲಶ್ ತೆರಿಗೆ ಅಂತ ನಮ್ಮಲ್ಲಿ ತಂದರೆ ಸರ್ಕಾರ ಬೀಳುತ್ತೆ.

ಬೆಂಗ್ಳೂರ್_ಮಳೆ
ನೀರಿನ ಬಿಲ್ಲಿನಲ್ಲಿ ಒಳಚರಂಡಿ ಶುಲ್ಕ ಅಂತ ಈಗಾಗಲೇ ಇದೆ ಸ್ವಾಮಿ. ಬಿಲ್ ಓದಿ.

ಕಪ್ಪು_ಸಮುದ್ರ
ಯಾರೂ ಕಪ್ಪು ಸಮುದ್ರದ ಹೆಸರು ಎತ್ತಲಿಲ್ಲವಲ್ಲ, ನಾನೇ ಎತ್ತುತ್ತೇನೆ. ನನ್ನ ಹೆಸರೇ ಅದು.

1970ರ ದಶಕದಲ್ಲಿ ಡ್ಯಾನ್ಯೂಬ್ ನದಿಯ ಸುತ್ತಲಿನ ದೇಶಗಳು ಗದ್ದೆಗೆ ಬೇಕಾಬಿಟ್ಟಿ ಗೊಬ್ಬರ ಸುರಿದವು. ಅದೇ ಹೊತ್ತಿಗೆ ನದಿಗೆ ಐರನ್ ಗೇಟ್ಸ್ ಅಣೆಕಟ್ಟು ಬಂತು. ಅಣೆಕಟ್ಟಿನ ಹಿಂದೆ ಸಿಲಿಕಾ ತಳಕ್ಕೆ ಕೂತಿತು. ಅಕ್ಕ ಹೇಳಿದ ಹಾಗೆಯೇ, ಸಾರಜನಕ ಜಾಸ್ತಿ, ಸಿಲಿಕಾ ಕಡಿಮೆ. ಡಯಾಟಮ್ ಹಿಂದೆ ಬಿತ್ತು. ನಾಕ್ಟಿಲ್ಯೂಕಾ ರಾಶಿ ರಾಶಿ. ವಾಯುವ್ಯ ಭಾಗದ ತಳದಲ್ಲಿ ಪ್ರತಿ ಬೇಸಿಗೆ ಸಾವು.

ಅದರ ಮೇಲೆ 1980ರ ದಶಕದ ಆರಂಭದಲ್ಲಿ, ಹಡಗುಗಳು ತೂಕ ಸರಿದೂಗಿಸಲು ತುಂಬಿಕೊಳ್ಳುವ ನೀರಿನ ಜೊತೆ ಅಮೆರಿಕದ ಬಾಚಣಿಗೆ ಲೋಳೆಮೀನು ಬಂದು ಸೇರಿತು. ನೀಮಿಯಾಪ್ಸಿಸ್ ಅಂತ ಹೆಸರು. ಅದು ಕೋಪಿಪಾಡ್, ಮೀನಿನ ಮೊಟ್ಟೆ, ಮರಿ ಎಲ್ಲ ನುಂಗಿತು. ದಶಕದ ಕೊನೆಗೆ ಆಂಚೊವಿ ಮೀನುಗಾರಿಕೆ ನೆಲಕಚ್ಚಿತು. ನಮ್ಮ ಕೊಲ್ಲತರು ಇದೆಯಲ್ಲ, ಅದರ ಬಳಗದ ಮೀನು.

ನಂತರ ಸೋವಿಯತ್ ಕೂಟ ಮುರಿದುಬಿತ್ತು. ರೈತರ ಕೈಯಲ್ಲಿ ಗೊಬ್ಬರ ಕೊಳ್ಳಲು ದುಡ್ಡಿಲ್ಲ. 1990ರ ದಶಕದಲ್ಲಿ ಆ ಸತ್ತ ತಳ ನಿಧಾನಕ್ಕೆ ಉಸಿರಾಡತೊಡಗಿತು. 1997ರಲ್ಲಿ ಬೆರೋಯಿ ಎಂಬ ಇನ್ನೊಂದು ಲೋಳೆಮೀನು ಬಂತು. ಅದರ ಊಟ ನೀಮಿಯಾಪ್ಸಿಸ್. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ ಇದು. ಒಂದು ಸಾಮ್ರಾಜ್ಯ ದಿವಾಳಿ ಆದ್ದರಿಂದ ಕೆಸರಿನ ಹುಳುಗಳು ಬದುಕಿದವು.

ಕೊಂಕು_ಮಾಸ್ತರ
ಮಿತಿಮೀರಿ ಮೀನು ಹಿಡಿದದ್ದನ್ನು ಬಿಟ್ಟಿರಿ. ಆಂಚೊವಿ ಮುಗಿದದ್ದರಲ್ಲಿ ಬಲೆಯ ಪಾಲೂ ದೊಡ್ಡದು. ಎಲ್ಲವನ್ನೂ ಲೋಳೆಮೀನಿನ ತಲೆಗೆ ಕಟ್ಟಬೇಡಿ.

ಕಪ್ಪು_ಸಮುದ್ರ
ಸರಿ. ಬಲೆಯೂ ಇದೆ.

ಮಲ್ಪೆ_ಬೋಟು
ಬಲೆಯ ಮಾತು ಬಂದರೆ ನಾನು ಇಲ್ಲಿಂದ ಎದ್ದು ಹೋಗುತ್ತೇನೆ 😅 ಆದರೆ ಲೋಳೆಮೀನು ನಮ್ಮಲ್ಲೂ ಕೆಲವು ವರ್ಷ ಬಲೆ ತುಂಬ. ಕೈ ತುರಿಕೆ, ಬಲೆ ಭಾರ, ದುಡ್ಡು ಸೊನ್ನೆ.

ಕೋಪಿಪಾಡ್_ಅಕ್ಕ
ಲೋಳೆಮೀನಿಗೆ ಒಂದು ಅನುಕೂಲ ಇದೆ. ಮೀನು ಕಣ್ಣಿಂದ ನೋಡಿ ದೊಡ್ಡ ಕೋಪಿಪಾಡ್ ಆರಿಸಿ ಹಿಡಿಯುತ್ತದೆ. ಲೋಳೆಮೀನಿಗೆ ನೀರು ರಾಡಿ ಆದರೂ ನಡೆಯುತ್ತದೆ, ಸಣ್ಣದಾದರೂ ನಡೆಯುತ್ತದೆ.

ಜಪಾನಿನ ಟೋಕಿಯೋ ಕೊಲ್ಲಿಯಲ್ಲಿ ಇದು ಚೆನ್ನಾಗಿ ಕಂಡಿದೆ. ಪೋಷಕಾಂಶ ಹೆಚ್ಚಿದ ಹಾಗೆ ದೊಡ್ಡ ಕೋಪಿಪಾಡ್ ಕಡಿಮೆ ಆಗಿ ಓಯ್ತೋನಾ ಎಂಬ ಪುಟ್ಟ ಜಾತಿ ತುಂಬಿಕೊಂಡಿತು. ಯಾಕೆ ಗೊತ್ತಾ? ಓಯ್ತೋನಾ ತಾಯಿ ಮೊಟ್ಟೆಯನ್ನು ನೀರಿಗೆ ಬಿಡುವುದಿಲ್ಲ. ಎರಡು ಚೀಲ ಮಾಡಿ ಬಾಲದ ಎರಡು ಬದಿಗೆ ಕಟ್ಟಿಕೊಂಡು ಓಡಾಡುತ್ತದೆ. ಮೊಟ್ಟೆ ತಳಕ್ಕೆ ಮುಳುಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ಎಣಿಸಿದರೆ ಪ್ರಾಣಿಗಳ ಸಂಖ್ಯೆ ಕಡಿಮೆ ಆಗಿರುವುದಿಲ್ಲ, ಕೆಲವೊಮ್ಮೆ ಜಾಸ್ತಿಯೇ ಇರುತ್ತದೆ. ಅಳಿಯನವರೇ, ನಿಮ್ಮ ಲೆಕ್ಕ ತಪ್ಪುವುದು ಇಲ್ಲೂ ಹೌದು. "ಸಣ್ಣ ಹುಳ ಹೆಚ್ಚಾಯಿತಾ" ಅಂತ ಕೇಳಿದರೆ ಹೌದು. "ಮೀನಿನ ಹೊಟ್ಟೆ ತುಂಬುವ ಹುಳ ಹೆಚ್ಚಾಯಿತಾ" ಅಂತ ಕೇಳಿದರೆ ಇಲ್ಲ.

ಬಳಚು_ಪ್ರಿಯ
ಕುಮಟಾದಿಂದ. ನಮ್ಮ ಅಘನಾಶಿನಿಗೆ ಅಣೆಕಟ್ಟು ಇಲ್ಲ. 2024ರ ಜನವರಿಯಲ್ಲಿ ಅಳಿವೆಗೆ ರಾಮ್ಸಾರ್ ಪಟ್ಟವೂ (ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ಮಾನ್ಯತೆ) ಸಿಕ್ಕಿತು. ನಮ್ಮಮ್ಮ ಇಳಿತದ ಹೊತ್ತಿಗೆ ಬಳಚು (ಕೆಸರಲ್ಲಿ ಸಿಗುವ, ತಿನ್ನುವ ಚಿಪ್ಪು) ಹೆಕ್ಕಲು ಹೋಗುತ್ತಿದ್ದರು. ಬಳಚು ಅಂದರೆ ನೀರು ಸೋಸುವ ಯಂತ್ರ. ತೇಲುವ ಪಾಚಿಯನ್ನು ಅದು ತಿನ್ನುತ್ತದೆ, ನಾವು ಅದನ್ನು ತಿನ್ನುತ್ತೇವೆ. ಅಂದರೆ ಬಳಚು ಹೆಕ್ಕಿದಾಗಲೆಲ್ಲ ಒಂದಿಷ್ಟು ಸಾರಜನಕ ಅಳಿವೆಯಿಂದ ಆಚೆ ಹೋಯಿತು ಅಲ್ವಾ?

ಬೇಸರದ ವಿಷಯವೂ ಹೇಳುತ್ತೇನೆ. ನಮ್ಮ ಊರಿನ ಒಂದು ಮೂಲೆಯಲ್ಲಿ ಗಜನಿ (ಉಪ್ಪುನೀರು ನುಗ್ಗುವ) ಗದ್ದೆ ಬಿಟ್ಟು ಸಿಗಡಿ ಹೊಂಡ ಮಾಡಿದರು. ಹೊಂಡದ ನೀರು ಬಿಡುವ ತೂಬಿನ ಎದುರು ಮೊದಲು ಕೈ ಹಾಕಿದರೆ ಬಳಚು. ಈಗ ಕಪ್ಪು ಕೆಸರು, ಅದರಲ್ಲಿ ಕೆಂಪು ದಾರದಂಥ ಹುಳ ಮಾತ್ರ. ನೂರು ಮಾರು ಆಚೆ ಹೋದರೆ ಮತ್ತೆ ಬಳಚು ಇದೆ.

ಕೋಪಿಪಾಡ್_ಅಕ್ಕ
ಹೌದು, ಸೋಸುವ ಮಾತು ಸರಿ. ಆ ಕೆಂಪು ಹುಳ ಕ್ಯಾಪಿಟೆಲ್ಲಾ ಥರದ್ದು ಇರಬಹುದು. ಕೊಳೆತದ್ದು ರಾಶಿ ಬಿದ್ದಲ್ಲಿ ಮೊದಲು ಬಂದು ತುಂಬಿಕೊಳ್ಳುವುದು ಅದೇ. ಸಣ್ಣದು, ಬೇಗ ಮರಿ, ಉಸಿರು ಕಡಿಮೆ ಇದ್ದರೂ ತಡೆಯುತ್ತದೆ. ಮೂಲದಿಂದ ದೂರ ಹೋದ ಹಾಗೆ ಬೇರೆ ಬೇರೆ ಜಾತಿ ವಾಪಸ್ ಬರುತ್ತವೆ. ನೀವು ನೋಡಿದ ನೂರು ಮಾರಿನ ಕಥೆಯನ್ನು 1978ರಲ್ಲಿ ಪಿಯರ್ಸನ್ ಮತ್ತು ರೋಸೆನ್‌ಬರ್ಗ್ ಎಂಬಿಬ್ಬರು ಚಿತ್ರ ಬರೆದು ತೋರಿಸಿದ್ದಾರೆ. ಓದದೆಯೇ ನಿಮ್ಮ ಕೈಗೆ ಸಿಕ್ಕಿದೆ.

ತೋಟದ_ಭಟ್ರು
ಒಂದು ಪ್ರಶ್ನೆ, ವಿಷಯಾಂತರ ಆದರೆ ಕ್ಷಮಿಸಿ. ನಾವು ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. ಮೈಲುತುತ್ತು, ಸುಣ್ಣ. ಅದು ಈ ಸಣ್ಣ ಪ್ರಾಣಿಗಳಿಗೆ ಏನಾದರೂ ಮಾಡುತ್ತದಾ?

ಕೋಪಿಪಾಡ್_ಅಕ್ಕ
ಭಟ್ರೇ, ಮೊದಲು ಜಗಳ ಆಡಿದವರು ಈಗ ಇದನ್ನು ಕೇಳುತ್ತಿದ್ದೀರಿ, ಖುಷಿ ಆಯಿತು. ತಾಮ್ರ ಪೋಷಕಾಂಶದ ಕಥೆ ಅಲ್ಲ, ವಿಷದ ಕಥೆ. ಕೋಪಿಪಾಡ್ ಜಾತಿಯ ಪ್ರಾಣಿಗಳಿಗೆ ಕರಗಿದ ತಾಮ್ರ ಸ್ವಲ್ಪ ಇದ್ದರೂ ಆಗುವುದಿಲ್ಲ. ಆದರೆ ತಾಮ್ರ ಮಣ್ಣಿಗೆ, ಎಲೆಕೊಳೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಯೂರಿಯಾದ ಹಾಗೆ ಸಲೀಸಾಗಿ ಹೊಳೆಗೆ ಇಳಿಯುವುದಿಲ್ಲ. ಉಳಿದ ದ್ರಾವಣ, ಡ್ರಮ್ಮು ತೊಳೆದ ನೀರು ಹಳ್ಳಕ್ಕೆ ಚೆಲ್ಲಬೇಡಿ, ಅಷ್ಟೇ.

ತೋಟದ_ಭಟ್ರು
ಡ್ರಮ್ಮು ತೊಳೆಯುವುದೇ ಹಳ್ಳದಲ್ಲಿ. ಹೇಳುತ್ತೇನೆ ಕೆಲಸದವರಿಗೆ. ನನಗೂ.

ಲೆಕ್ಕದ_ಮೇಷ್ಟ್ರು
ಅಳಿಯನವರೇ, ಇಷ್ಟೆಲ್ಲ ಓದಿದ ಮೇಲೆ ಒಮ್ಮೆ ಕಣ್ಣಾರೆ ನೋಡಿ. ಹಳೆಯ ನೈಲಾನ್ ಸೀರೆಯ ತುಂಡು, ಬಳೆಯ ಥರ ಬಾಗಿಸಿದ ತಂತಿ, ತುದಿಗೆ ಒಂದು ಸಣ್ಣ ಬಾಟಲಿ. ದೋಣಿಯ ಹಿಂದೆ ಐದು ನಿಮಿಷ ನಿಧಾನಕ್ಕೆ ಎಳೆಯಿರಿ. ಬಾಟಲಿಯನ್ನು ಕತ್ತಲಲ್ಲಿ ಇಟ್ಟು ಒಂದು ಬದಿಗೆ ಟಾರ್ಚ್ ಹಿಡಿಯಿರಿ. ನಾನು ಮಕ್ಕಳಿಗೆ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್‌ನಲ್ಲಿ ತೋರಿಸುತ್ತೇನೆ, ಒಬ್ಬನೂ ಗಲಾಟೆ ಮಾಡುವುದಿಲ್ಲ.

ಗಂಗೊಳ್ಳಿ_ಅಳಿಯ
ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಅತ್ತೆಯ ಸೀರೆ ಕೇಳಿದ್ದಕ್ಕೆ ಬೈಸಿಕೊಂಡೆ. ಕೊನೆಗೆ ಸೊಳ್ಳೆಪರದೆಯಲ್ಲಿ ಮಾಡಿದೆ, ಏನೂ ನಿಲ್ಲಲಿಲ್ಲ. ಮತ್ತೆ ಬೈಸಿಕೊಂಡು ಸೀರೆ ತಂದೆ. ಬೆಳಗಿನ ಜಾವ ಮಾವನ ದೋಣಿಯಲ್ಲಿ ಅಳಿವೆ ಬಾಯಿಂದ ಸ್ವಲ್ಪ ಆಚೆ ಎಳೆದೆವು. ಬಾಟಲಿಗೆ ಟಾರ್ಚ್ ಹಿಡಿದರೆ ಧೂಳು ಅಂದುಕೊಂಡದ್ದು ಎಲ್ಲ ಕುಪ್ಪಳಿಸುತ್ತಿದೆ! ಬೆಳಕಿನ ಕಡೆಗೇ ಬಂದು ಗುಂಪು ಕಟ್ಟಿತು. ತಮ್ಮನ ಮಗಳ ಶಾಲೆಯ ಭೂತಗನ್ನಡಿಯಲ್ಲಿ ನೋಡಿದರೆ ಕೆಲವಕ್ಕೆ ಬಾಲದ ಎರಡು ಬದಿಗೆ ಸಣ್ಣ ಚೀಲ. ಅಕ್ಕ, ಓಯ್ತೋನಾ ಅದೇನಾ?

ಅಲ್ಲಿಂದ ವಾಪಸ್ ಬರುವಾಗ ಬಂದರಿನ ಒಳಗೂ ಎಳೆದೆ. ಹಸಿರು ಗಂಜಿಯಂಥ ನೀರು ಬಂತು. ಅದರಲ್ಲಿ ಕುಪ್ಪಳಿಸುವಂಥದ್ದು ಎರಡೋ ಮೂರೋ.

ಮಾವನಿಗೆ ಎರಡೂ ಬಾಟಲಿ ತೋರಿಸಿದೆ. ಮೊದಲ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹ್ವಾಯ್, ಇದ್ ಬಂಗ್ಡಿ ಹೊಟ್ಟಿಯೊಳ್ಗ್ ಇಪ್ದಲ್ದಾ?" ಎಂದರು. ಮೂವತ್ತು ವರ್ಷ ಮೀನಿನ ಹೊಟ್ಟೆ ಸೀಳುವಾಗ ಕಂಡ ಕೆಂಪು ಮುದ್ದೆ ಜೀವಂತ ಹೀಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವಂತೆ. ಆಮೇಲೆ ಬಾಟಲಿ ನನ್ನ ಕೈಗೆ ಕೊಡಲಿಲ್ಲ. ಸೀದಾ ಹೋಗಿ ನೀರಿಗೆ ಬಿಟ್ಟು ಬಂದರು.

ಕೋಪಿಪಾಡ್_ಅಕ್ಕ
ಎರಡು ಚೀಲ ಅಂದರೆ ಓಯ್ತೋನಾ ಆಗಿರುವ ಸಾಧ್ಯತೆ ಜಾಸ್ತಿ. ಫೋಟೋ ಹಾಕಿ, ಮೀಸೆ ನೋಡಿ ಹೇಳುತ್ತೇನೆ. ಬಂದರಿನ ಬಾಟಲಿಯದ್ದೂ ಹಾಕಿ.

ಗಂಗೊಳ್ಳಿ_ಅಳಿಯ
ಬಂದರಿನ ಬಾಟಲಿ ಮರುದಿನ ಮುಚ್ಚಳ ತೆಗೆದೆ ಅಕ್ಕ. ಅತ್ತೆ ನನ್ನನ್ನೂ ಬಾಟಲಿಯನ್ನೂ ಅಂಗಳಕ್ಕೆ ಹಾಕಿದರು. ಫೋಟೋ ಇಲ್ಲ.

ಸಿಗಡಿ_ಸಾರು
ಅದೆಲ್ಲ ಇರಲಿ, ಗಂಗೊಳ್ಳಿಯಲ್ಲಿ ಈ ವಾರ ಬಂಗುಡೆ ಕೆಜಿಗೆ ಎಷ್ಟು?